ಬಿಸಿಲಿಗೆ ಏರುವ ಹೊಳೆ

ನಮ್ಮ ಭೂಗೋಳದ ಮೇಡಂಗೆ ಬಲಗೈಯ ಕೊನೆಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಸೀಮೆಸುಣ್ಣವನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಸಿಕ್ಕಿಸಿಕೊಂಡು ಬರೆಯುವಾಗ ಆ ಎರಡು ಬೆರಳು ಯಾರನ್ನೋ ತಡೆಯುವಂತೆ ನೆಟ್ಟಗೆ ನಿಂತಿರುತ್ತಿದ್ದವು. ಆಮೇಲಿನ ವರ್ಷಗಳಲ್ಲಿ ಪಾಂಡವಪುರದ ನಮ್ಮ ಕಾಲೇಜಿಗೆ ಸೇರಿದ ಹುಡುಗರು ಅದನ್ನು ಬೆನ್ನ ಹಿಂದೆ ಅಣಕಿಸುತ್ತಿದ್ದರಂತೆ. ಅವರಿಗೇನು ಗೊತ್ತು? ಆ ಬೆರಳುಗಳು ಮುರಿದ ಮಧ್ಯಾಹ್ನ ನಾನು ಮೇಡಂನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ.

ಕಳೆದ ಬೇಸಿಗೆಯಲ್ಲಿ ಅವರು ಕಾಮಾಲೆಯಿಂದ ತೀರಿಕೊಂಡರು. ಕೆ.ಆರ್.ಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಸಹಪಾಠಿಯೊಬ್ಬಳು, ಬಸ್ಸಿಗೆ ಒಂದು ಕಾಲು ಇಟ್ಟುಕೊಂಡೇ, "ಮೇಡಂ ಹೋಗ್ಬುಟ್ರು ಕಣೆ, ಗೊತ್ತಾಗ್ಲಿಲ್ವಾ?" ಎಂದಳು. ಆ ಬಸ್ಸು ಹೊರಟು ಹೋಯಿತು. ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ನೀರಿನ ತಳದಲ್ಲಿ ಕಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು.

ಮೇಡಂ ನಾಗಮಂಗಲದ ಕಮ್ಮಾರರ ಮನೆಯ ಮಗಳು. ಚಿಕ್ಕಂದಿನಲ್ಲಿ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿದವರು. ಎಂ.ಎ. ಮಾಡಿ ಕಾಲೇಜಿಗೆ ಬಂದ ಮೇಲೂ ದಿನಾ ನಾಗಮಂಗಲದಿಂದಲೇ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಒಮ್ಮೆ ನಮ್ಮಲ್ಲೊಬ್ಬಳು ಧೈರ್ಯ ಮಾಡಿ ಅದನ್ನು ಕೇಳಿಯೇಬಿಟ್ಟಳು. ಮೇಡಂ ನಕ್ಕು, "ನಮ್ಮಪ್ಪ ಊರೋರ ನೇಗಿಲಿಗೆಲ್ಲ ಗುಳ ಮಾಡಿಕೊಟ್ಟ, ಮಗಳಿಗೊಂದು ಗಂಡು ಮಾಡೋಕೆ ಅವನಿಗೆ ಬರ್ನಿಲ್ಲ" ಎಂದು ಹಾಜರಿ ಕೂಗಲು ಶುರು ಮಾಡಿದರು.

ಅವರ ಎಲ್ಲ ಮಾತಿಗೂ ಕುಲುಮೆಯ ಶಾಖ ತಾಗಿರುತ್ತಿತ್ತು. "ಕೆಂಪಗಿರೋ ಕಬ್ಬಿಣಾನ ಯಾರೂ ಮುಟ್ಟಲ್ಲ. ಕೆಂಪು ಇಳಿದು ಕಪ್ಪಗಾದ ಮೇಲೆ ಮುಟ್ಟಿ ಕೈ ಸುಟ್ಕೋತಾರೆ" ಎನ್ನುವುದನ್ನು ನಾನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಪರೀಕ್ಷೆಗೂ ಅದೇ ಮಾತು, ಗಂಡು ನೋಡಲು ಬರುವವರ ಬಗ್ಗೆಯೂ ಅದೇ ಮಾತು, ಹಿಮಾಲಯದ ಹವೆಗೂ ಅದೇ.

ಹಿಮಾಲಯ ಎಂದರೆ ಅವರಿಗೆ ಇಡೀ ಹಿಮಾಲಯವಲ್ಲ. ಲಾಹೌಲ್ ಎಂಬ ಒಂದು ಕಣಿವೆ, ಅದರ ಪಕ್ಕದ ಸ್ಪಿತಿ, ಎರಡೂ ಸೇರಿದ ಒಂದು ಜಿಲ್ಲೆ. ಪಠ್ಯದಲ್ಲಿ ಅದಕ್ಕೆ ಇದ್ದದ್ದು ಅರ್ಧ ಪುಟ. ಮೇಡಂ ಅದನ್ನು ವಾರಗಟ್ಟಲೆ ಎಳೆಯುತ್ತಿದ್ದರು. ಕಾಲೇಜಿನ ಹಿಂದೆ ಹೊಂಗೆ ಮರದ ಕೆಳಗೆ ಆ ಜಿಲ್ಲೆಯನ್ನೇ ಕಟ್ಟಿಸಿದ್ದರು. ನಾಗಮಂಗಲದ ಕುಲುಮೆಯಿಂದ ಚೀಲದಲ್ಲಿ ತಂದ ಕಬ್ಬಿಣದ ಕಿಟ್ಟ, ಕೆರೆಯ ಜೇಡಿಮಣ್ಣು, ಶಿಖರಗಳಿಗೆ ಸುಣ್ಣ. ಚೊಂಬಿನಿಂದ ದಕ್ಷಿಣದ ಬೆಟ್ಟಸಾಲಿನ ಗೋಡೆಗೆ ನೀರು ಹುಯ್ಯುವರು. ನೀರು ಈಚೆಗೇ ಇಳಿದು ನಮ್ಮ ಕಾಲು ನೆನೆಸುವುದು, ಆಚೆಯ ಕಣಿವೆ ಒಣಗಿಕೊಂಡೇ ಇರುವುದು. "ನೋಡಿ, ಇಲ್ಲಿಗೆ ಮುಂಗಾರಿನ ಪ್ರವೇಶ ಇಲ್ಲ" ಎನ್ನುವರು.

ಮಳೆ ಇಲ್ಲದ ಮೇಲೆ ಅಲ್ಲಿನ ಜನ ಬಟಾಣಿ, ಆಲೂಗಡ್ಡೆ ಬೆಳೆಯುವುದು ಹೇಗೆ? ಚಳಿಗಾಲದಲ್ಲಿ ಆಳೆತ್ತರ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಬರಬೇಕು. ಕಣಿವೆಗೆ ಹೋಗುವ ರಸ್ತೆ ವರ್ಷದಲ್ಲಿ ಅರ್ಧ ಕಾಲ ಹಿಮದಡಿ ಇರುತ್ತದೆ. ಮನೆಗಳ ಮಾಳಿಗೆ ಚಪ್ಪಟೆ, ಅದರ ಮೇಲೆ ಚಳಿಗಾಲಕ್ಕೆ ಕೂಡಿಟ್ಟ ಹುಲ್ಲು, ಸೌದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ನೀರು ಬೇಗ ಕುದಿಯುತ್ತದೆ, ಆದರೆ ಕಾಳು ಬೇಯುವುದಿಲ್ಲ. ಹೊಳೆಗಳು ಬೆಳಿಗ್ಗೆ ಪಾದ ಮುಳುಗುವಷ್ಟು, ಮಧ್ಯಾಹ್ನ ಬಿಸಿಲು ಹಿಮವನ್ನು ಮುಟ್ಟಿದ ಮೇಲೆ ಲಾರಿಯನ್ನು ತಳ್ಳುವಷ್ಟು. ಎತ್ತರ ನಮ್ಮ ತಲೆಗೆ ಹೋಗಲೆಂದು, "ಮೇಲುಕೋಟೆ ಬೆಟ್ಟದ ಮೇಲೆ ಇನ್ನೂ ಮೂರು ಮೇಲುಕೋಟೆ ಇಟ್ಕೊಳ್ಳಿ. ಅದು ಅಲ್ಲಿ ಬಸ್ಸು ಹೋಗೋ ದಾರಿ. ಬೆಟ್ಟ ಅದರ ಮೇಲೆ ಶುರು" ಎನ್ನುವರು.

ನಮಗೆ ಇದೆಲ್ಲ ಕಥೆಯಂತೆ ಕೇಳುತ್ತಿತ್ತು. ಹಿಂದಿನ ಬೆಂಚಿನ ಸಿದ್ದರಾಜು ಕಾವೇರಿಯ ಅಣೆಕಟ್ಟೆಯ ಕೆಳಗಿನ ಬೆಳಗೊಳದವನು, ಒಕ್ಕಲು ಮನೆಯ ಹುಡುಗ, ಹುಟ್ಟಿದಾಗಿನಿಂದ ಹೊಳೆಯಲ್ಲೇ ಬಿದ್ದು ಬೆಳೆದವನು. ಅವನೊಮ್ಮೆ ಎದ್ದು ನಿಂತು, ನಮಗೆ ನೀರಿನ ಪಾಠ ಬೇಡ ಮೇಡಂ, ನಾವು ನೀರು ಕುಡಿದೇ ಹುಟ್ಟಿದವರು ಎಂದ. ತರಗತಿಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ.

"ನಿಮಗೆ ಗೊತ್ತಿರೋದು ನೀರಲ್ಲ ಕಣಪ್ಪ, ನಾಲೆ. ಗೇಟು ತೆಗೆದ್ರೆ ಬತ್ತದೆ, ಹಾಕಿದ್ರೆ ನಿಲ್ತದೆ. ಹೊಳೆಗೆ ಬುಡೋ ಮುಂಚೆ ಸೈರನ್ ಕೂಗ್ತಾರೆ, ಡಂಗೂರ ಹೊಡೀತಾರೆ. ಅಲ್ಲಿ ಯಾರೂ ಕೂಗಲ್ಲ."

ಆ ವರ್ಷದ ಪರೀಕ್ಷೆಯಲ್ಲಿ ಅವರು ಮೋಡವಿಲ್ಲದ ದಿನ ಪರ್ವತದ ಹೊಳೆ ಏರುವುದೇಕೆ ಎಂದು ಕೇಳಿದರು. ಅದಕ್ಕೆ ಪೂರ್ತಿ ಅಂಕ ಬಂದದ್ದು ಸಿದ್ದರಾಜುಗೆ.

ಅಂತಿಮ ಪರೀಕ್ಷೆ ಮುಗಿದ ಮೇಲೆ ಆ ಜಿಲ್ಲೆಗೆ ಪ್ರವಾಸ ಹೊರಡುವುದೆಂದು ನಿಶ್ಚಯವಾಯಿತು. ಮೇಡಂ ಸಹ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಊಟಿ, ಜೋಗ ಎಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಇದಕ್ಕೆ ಅವರೇ ಮನೆಮನೆಗೆ ಹೋಗಿ ಕೇಳಬೇಕಾಯಿತು. ಕೆ.ಆರ್.ಪೇಟೆ ಹತ್ತಿರದ ನಮ್ಮೂರಿಗೂ ಬಂದರು. ನಮ್ಮಪ್ಪ ಹಸುವಿಗೆ ಹುಲ್ಲು ಹಾಕುತ್ತಲೇ ಎಲ್ಲ ಕೇಳಿಸಿಕೊಂಡ. ಆಷಾಢದಲ್ಲಿ ಯಾರಾದರೂ ದೂರ ಹೊರಡುತ್ತಾರೆಯೇ ಎಂದ. ರಸ್ತೆಯ ಹಿಮ ಕರಗುವುದೇ ಆಗ ಎಂದರು ಮೇಡಂ. ಅಪ್ಪ ಹುಲ್ಲಿನ ಕಂತೆ ಕೆಳಗಿಟ್ಟು ನನ್ನ ಕಡೆ ತಿರುಗಿದ. "ಹೋಗ್ಬುಟ್ಟು ಬಾರವ್ವ. ಆಷಾಢದಲ್ಲಿ ಎಂಗೂ ಗಂಡಿನೋರು ಬರಾಕಿಲ್ಲ."

ಬೆಳಗೊಳದಲ್ಲಿ ಸಿದ್ದರಾಜುವಿನ ತಾಯಿ ಒಂದು ಚೀಲ ರಾಗಿಹಿಟ್ಟು, ಹುರುಳಿಕಾಳು, ಒಂದು ಸಿಲವಾರದ ತಪ್ಪಲೆ ಕಟ್ಟಿಕೊಟ್ಟರಂತೆ, ಗೋಧಿ ತಿಂದುಕೊಂಡು ಎಷ್ಟು ದಿನ ಇರುತ್ತಾರೆ ಈ ಮಕ್ಕಳು ಎಂದು. ಪ್ರತಿ ಮನೆಯಲ್ಲೂ ಮೇಡಂ ಹೇಳಿದ್ದು ಒಂದೇ ಮಾತು: "ಎಣಿಸ್ಕೊಂಡು ಕರ್ಕೊಂಡೋಗ್ತೀನಿ, ಎಣಿಸಿ ತಂದೊಪ್ಪಿಸ್ತೀನಿ." ಎಣಿಸುವುದೆಂದರೆ ಬಾಯಲ್ಲಿ ಅಲ್ಲ. ಪ್ರತಿ ನಿಲ್ದಾಣದಲ್ಲೂ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಗಲನ್ನು ಮುಟ್ಟಿಕೊಂಡು ಹೋಗುವರು. ಕುರಿ ಎಣಿಸಿದಂತೆ ಎಂದು ನಾವು ನಗುತ್ತಿದ್ದೆವು.

ಆ ಕಣಿವೆಗೆ ದಾಟುವ ಘಟ್ಟದ ಈಚೆಗೆ ಮಂಜು, ಮಳೆ, ದೇವದಾರು ಮರಗಳು. ಬಾಡಿಗೆಯ ಸಣ್ಣ ಬಸ್ಸು ತುದಿ ಹತ್ತಿ ಆಚೆಗೆ ಇಳಿಯತೊಡಗಿದಾಗ ಮೋಡ ಹಿಂದೆಯೇ ನಿಂತಿತು. ಮುಂದೆ ಕಡುನೀಲಿ ಆಕಾಶ, ಒಂದು ಪೊದೆಯೂ ಇಲ್ಲದ ಬೂದುಬಣ್ಣದ ಗೋಡೆಗಳು, ತಳದಲ್ಲಿ ಸಿಮೆಂಟು ಕಲಸಿದಂಥ ನದಿ. ಮೇಡಂ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದರು. ಸಿದ್ದರಾಜು ಹಿಂದಿನಿಂದ, "ಮೇಡಂ, ನೀವು ಮಾಡಿದ್ದೇ ಚೆನ್ನಾಗಿತ್ತು. ಇದಕ್ಕೆ ಹೊಂಗೆ ನೆರಳಿಲ್ಲ" ಎಂದ. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ರಾತ್ರಿ ನದಿ ಪಕ್ಕದ ಕಲ್ಲಿನ ತಂಗುಮನೆಯಲ್ಲಿ ಉಳಿದೆವು. ಮುಂದಿನ ದಾರಿಯಲ್ಲಿ ಸೇತುವೆಯಿಲ್ಲದ ಒಂದು ಹೊಳೆ ರಸ್ತೆಗೆ ಅಡ್ಡ ಹರಿಯುತ್ತದೆ, ಅದನ್ನು ಬೆಳಿಗ್ಗೆಯೇ ದಾಟಬೇಕು ಎಂದು ಡ್ರೈವರ್ ಹೇಳಿದ್ದ. ಮೇಡಂಗೆ ಅದು ಗೊತ್ತೇ ಇತ್ತು. ಹೊರಡುವ ಮುಂಚೆ ಬುತ್ತಿಗೆಂದು ಹುಡುಗರು ಮುದ್ದೆ, ಹುರುಳಿ ಬಸ್ಸಾರು ಮಾಡಲು ಒಲೆ ಹಚ್ಚಿದರು. ಕುಕ್ಕರ್ ಇರಲಿಲ್ಲ. ತಪ್ಪಲೆಯಲ್ಲಿ ನೀರು ಕೊತಕೊತ ಕುದಿಯಿತು, ಕಾಳು ಕಲ್ಲಿನ ಹಾಗೇ ಉಳಿಯಿತು. ಸೌದೆ ಹಾಕಿದಷ್ಟೂ ಕುದಿಯಿತು, ಬೇಯಲಿಲ್ಲ. ಒಬ್ಬ ಕಾಳನ್ನು ಹಲ್ಲಿನಲ್ಲಿ ಕಚ್ಚಿ, "ಇದು ಹುರುಳಿ ಅಲ್ಲ ಕಣ್ಲಾ, ಜಲ್ಲಿ" ಎಂದ.

ಮೇಡಂ ಕಣ್ಣು ಹೊಳೆಯಿತು. ಪ್ರಯೋಗದ ಪೆಟ್ಟಿಗೆಯಿಂದ ಉಷ್ಣಮಾಪಕ ತೆಗೆದು ಕುದಿಯುವ ನೀರಿಗೆ ಇಳಿಬಿಟ್ಟು, ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡರು. ಒಬ್ಬೊಬ್ಬರೂ ಬಗ್ಗಿ ಓದಬೇಕು, ಊರಲ್ಲಿ ಎಷ್ಟಕ್ಕೆ ಕುದಿಯುತ್ತದೆ, ಇಲ್ಲಿ ಎಷ್ಟಕ್ಕೆ, ಯಾಕೆ ಎಂದು ಹೇಳಬೇಕು. ಹತ್ತು ವರ್ಷ ಮಣ್ಣಿನ ಗುಡ್ಡ ತೋರಿಸಿ ಹೇಳಿದ್ದು ಕಣ್ಣ ಮುಂದೆ ನಿಜವಾಗುತ್ತಿತ್ತು. ಹೊರಗೆ ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ಮೇಡಂ ಪ್ರತಿ ಸಲ ಕೈಯೆತ್ತಿ, ಬಂದೆವು, ಬಂದೆವು ಎನ್ನುತ್ತಿದ್ದರು.

ಹೊಳೆಯ ಹತ್ತಿರ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ನೀರು ಆಗಲೇ ರಸ್ತೆಯ ಕಲ್ಲುಗಳನ್ನು ಮುಚ್ಚಿತ್ತು. ಡ್ರೈವರ್ ಎಂಜಿನ್ ನಿಲ್ಲಿಸಿ, ಇನ್ನು ನಾಳೆ ಬೆಳಿಗ್ಗೆಯೇ ಎಂದು ಹಿಂದಿಯಲ್ಲಿ ಹೇಳಿ ಸೀಟಿನ ಮೇಲೆ ಕಾಲು ಚಾಚಿದ. ನಮಗೇನೂ ಬೇಸರವಾಗಲಿಲ್ಲ. ಹಸಿಹಸಿ ಮುದ್ದೆಯನ್ನು ಬರೀ ಉಪ್ಪುನೀರಿನಂಥ ಸಾರಿನಲ್ಲಿ ಅದ್ದಿ ನುಂಗುತ್ತಾ ದಡದಲ್ಲಿ ಕುಳಿತೆವು. ಅಂಥ ಒಳ್ಳೆಯ ಬಿಸಿಲು, ಒಂದು ತುಣುಕು ಮೋಡವಿಲ್ಲ.

ಊಟವಾದ ಮೇಲೆ ಸಿದ್ದರಾಜು ತಪ್ಪಲೆ ಎತ್ತಿಕೊಂಡು ತೊಳೆಯಲು ಇಳಿದ. ದಡದಲ್ಲಿ ಕೆಸರು ನೀರು. ನಾಲ್ಕು ಹೆಜ್ಜೆ ಆಚೆಗೆ ಬಂಡೆಯ ಹಿಂದೆ ಸ್ವಲ್ಪ ತಿಳಿಯಾಗಿತ್ತು. ಶ್ರೀರಂಗಪಟ್ಟಣದ ಹೊಳೆಯಲ್ಲಿ ನಾವೆಲ್ಲ ಬಂಡೆಯಿಂದ ಬಂಡೆಗೆ ನೆಗೆದು ಹೋಗಿ ಬಟ್ಟೆ ಒಗೆಯುತ್ತೇವಲ್ಲ, ಹಾಗೆಯೇ ಹೋಗಿ ಕುಕ್ಕರಗಾಲಲ್ಲಿ ಕುಳಿತ, ಮರಳು ಹಾಕಿ ಉಜ್ಜತೊಡಗಿದ. ಮೇಡಂ ಬಸ್ಸಿನಲ್ಲಿ ತಲೆನೋವೆಂದು ಮಲಗಿದ್ದ ಹುಡುಗಿಗೆ ಮಾತ್ರೆ ಕೊಟ್ಟು ಇಳಿದವರು ಅವನನ್ನು ಕಂಡು, ಈಚೆಗೆ ಬಾ ಎಂದು ಕೂಗಿದರು.

"ಮಳೆಯಿಲ್ಲ ಮಾರಿಯಿಲ್ಲ, ಎಲ್ಲಿಂದ ಬತ್ತದೆ ಮೇಡಂ ನೀರು?" ಎಂದ ಅವನು. ನಗುತ್ತಿದ್ದ. "ಸೈರನ್ನೇ ಆಗ್ನಿಲ್ಲ."

ಅದು ಮೇಡಂನ ಮಾತನ್ನೇ ಅವರಿಗೆ ತಿರುಗಿಸಿದ ತಮಾಷೆ. ದಡದಲ್ಲಿದ್ದವರು ನಕ್ಕರು. ಆ ನಗು ಮುಗಿಯುವ ಮುಂಚೆ ಸದ್ದು ಬಂತು. ನೀರಿನ ಸದ್ದಲ್ಲ. ಕತ್ತಲ ಕೋಣೆಯಲ್ಲಿ ಯಾರೋ ಗುಂಡುಕಲ್ಲುಗಳನ್ನು ಉರುಳಿಸಿದ ಹಾಗೆ, ನೀರಿನ ಅಡಿಯಿಂದ. ಅವನ ಬಂಡೆಗೂ ದಡಕ್ಕೂ ನಡುವಿನ ಕಲ್ಲುಗಳು ಕಾಣದಾದವು. ಅವನು ಎದ್ದು ನಿಂತ. ಆಗಲೂ ಹೆದರಿದ್ದಂತೆ ಕಾಣಲಿಲ್ಲ. ತಪ್ಪಲೆ ತೇಲಿತು. ಅವನು ಅದಕ್ಕೆ ಬಗ್ಗಿದ.

ಮೇಡಂ ಸೀರೆ ಎತ್ತಿಕಟ್ಟಲೂ ನಿಲ್ಲದೆ ನುಗ್ಗಿದರು. ಸೊಂಟದವರೆಗೆ ಹೋಗಿ, ದಡದ ಕಲ್ಲೊಂದನ್ನು ಬಲಗೈಯಲ್ಲಿ ಹಿಡಿದು ಎಡಗೈ ಚಾಚಿದರು. ಅವನು ಒಂದು ಕೈ ಮೇಲೆತ್ತಿದ. ಇನ್ನೊಂದರಲ್ಲಿ ತಪ್ಪಲೆ ಇತ್ತು. ಆ ಎತ್ತಿದ ಕೈಯನ್ನು ನಾನು ಈಗಲೂ ನೋಡುತ್ತೇನೆ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ನಲ್ಲಿ ತಿರುಗಿಸುವಾಗ. ಬಂದೆ ಇರಿ ಎಂದನೋ, ಹಿಡಿಯಿರಿ ಎಂದನೋ. ನೋಡಿದಷ್ಟೂ ಸಲ ಬೇರೆಬೇರೆ ಕಾಣುತ್ತದೆ. ಉರುಳಿ ಬಂದ ಕಲ್ಲು ಮೇಡಂ ಬೆರಳುಗಳನ್ನು ಜಜ್ಜಿತು. ಡ್ರೈವರ್ ಅವರ ಸ್ವೆಟರ್ ಹಿಡಿದು ಎಳೆದು ಹಾಕಿದ. ನಾನು ಮತ್ತೆ ಹೊಳೆಯ ಕಡೆ ತಿರುಗಿದಾಗ ಬಂಡೆ ಇರಲಿಲ್ಲ. ಆಕಾಶ ಮೊದಲಿನ ಹಾಗೇ ನೀಲಿ.

ಮರುದಿನ ಬೆಳಿಗ್ಗೆ ಅದೇ ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಹೊಳೆ ನದಿಗೆ ಸೇರುವ ಕಡೆ ತಪ್ಪಲೆ ಸಿಕ್ಕಿತು, ನಜ್ಜುಗುಜ್ಜಾಗಿ. ಅವನು ಸಿಗಲಿಲ್ಲ. ಪೊಲೀಸರು ಬಂದರು, ಹುಡುಕಿದರು, ನದಿಯನ್ನು ನೋಡಿ ಕೈಚೆಲ್ಲಿದರು.

ಸುದ್ದಿ ಫೋನಿನಲ್ಲಿ ನಮಗಿಂತ ಮುಂಚೆ ಊರು ಮುಟ್ಟಿತ್ತು. ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಎಲ್ಲರ ಮನೆಯವರೂ ನಿಂತಿದ್ದರು. ಮೇಡಂ ಬಟ್ಟೆ ಸುತ್ತಿದ ಕೈಯಿಂದಲೇ ನಮ್ಮ ಹೆಗಲುಗಳನ್ನು ಮುಟ್ಟಿಕೊಂಡು ಹೋದರು. ಕೊನೆಯವಳು ನಾನು. ನನ್ನನ್ನು ಮುಟ್ಟಿದ ಮೇಲೆ ಕೈ ಇನ್ನೂ ಸ್ವಲ್ಪ ಮುಂದೆ ಹೋಗಿ, ಗಾಳಿಯಲ್ಲಿ ನಿಂತು, ಇಳಿಯಿತು.

ಅಲ್ಲಿಂದ ನೇರವಾಗಿ ಬೆಳಗೊಳಕ್ಕೆ ಹೋದರು. ನಾವು ಮೂವರು ಜೊತೆಗಿದ್ದೆವು. ಆ ಮನೆಯಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರೇನೋ. ಹಿರಿಯರು ದರ್ಭೆಯ ಬೊಂಬೆ ಮಾಡಿ ಸುಟ್ಟು, ಬೂದಿಯನ್ನು ಶ್ರೀರಂಗಪಟ್ಟಣದ ಹೊಳೆಗೆ ಬಿಟ್ಟು ಕರ್ಮ ಮುಗಿಸೋಣ ಎನ್ನುತ್ತಿದ್ದರು. ಸಿದ್ದರಾಜುವಿನ ತಾಯಿ ಒಪ್ಪುತ್ತಿರಲಿಲ್ಲ. ಆಕೆ ಮೇಡಂ ಎದುರಿಗೆ ಬಂದು ಕುಳಿತು ಒಂದೇ ಪ್ರಶ್ನೆ ಕೇಳಿದರು.

"ಆ ನೀರು ಎಲ್ಲಿಗೋಯ್ತದೆ ಮೇಡಮ್ಮೋರೆ? ನಮ್ ಕಟ್ಟೆಗೆ ಬತ್ತದಾ?"

ಬರುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೇಡಂಗೆ, ಯಾರಾದರೂ ಪ್ರಶ್ನೆ ಕೇಳಿದರೆ, ಅರ್ಧ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ. ನೆಲ ನೋಡುತ್ತಾ, ತರಗತಿಯ ಅದೇ ದನಿಯಲ್ಲಿ ಹೇಳಿದರು. ಆ ನದಿ ಪಡುವಲಿಗೆ ತಿರುಗುತ್ತದೆ, ಬೇರೆ ದೇಶ ದಾಟಿ ಪಡುವಣ ಸಮುದ್ರ ಸೇರುತ್ತದೆ. ಅಲ್ಲಿ ಬಿಸಿಲು ನೀರನ್ನು ಮೇಲಕ್ಕೆ ಸೆಳೆಯುತ್ತದೆ, ಮೋಡವಾಗುತ್ತದೆ, ಮುಂಗಾರು ಗಾಳಿ ಅದನ್ನು ಕೊಡಗಿನ ಬೆಟ್ಟಕ್ಕೆ ತಂದು ಸುರಿಯುತ್ತದೆ, ಅಲ್ಲಿಂದ ಕಾವೇರಿ, ಕಾವೇರಿಯಿಂದ ಕಟ್ಟೆ.

ಆ ತಾಯಿ ಬೆರಳಿನಿಂದ ನೆಲದ ಮೇಲೆ ಆ ದಾರಿಯನ್ನೇ ಎಳೆಯುತ್ತಿದ್ದವರು ನಿಲ್ಲಿಸಿ, "ಅಂಗಾದ್ರೆ ಮುಂಗಾರ್ಗೆ ಬತ್ತಾನೆ ಅನ್ನಿ" ಎಂದರು.

ಕರ್ಮ ಮಾಡಲು ಬಿಡಲಿಲ್ಲ. ಆ ಮಳೆಗಾಲದಲ್ಲಿ ಕಟ್ಟೆ ತುಂಬಿ ಗೇಟು ತೆಗೆಯಲು ಸೈರನ್ ಕೂಗಿದ ದಿನ ಎಲ್ಲರೂ ಹೊಳೆಯಿಂದ ಮೇಲಕ್ಕೆ ಓಡಿ ಬಂದರೆ ಆಕೆ ಕೆಳಕ್ಕೆ ಇಳಿದುಹೋದರು. ಮೊಣಕಾಲು ಮುಳುಗುವವರೆಗೆ ನಿಂತು ನೀರನ್ನೇ ನೋಡುತ್ತಿದ್ದರಂತೆ. ಊರವರು ಎಳೆದು ತಂದರು. ಇದು ಮೇಡಂ ಕಿವಿಗೆ ಬಿತ್ತು.

ಆಮೇಲಿನದು ನನಗೆ ಗೊತ್ತಿರುವುದು ಸ್ವಲ್ಪ. ಕಾಲೇಜಿನ ವಿಚಾರಣೆಯಲ್ಲಿ ತಪ್ಪು ನನ್ನದೆಂದು ಬರೆದುಕೊಳ್ಳಿ ಎಂದು ಅವರು ಹಟ ಹಿಡಿದರಂತೆ, ಯಾರೂ ಬರೆದುಕೊಳ್ಳಲಿಲ್ಲ. ಹೊಂಗೆ ಮರದ ಕೆಳಗಿನ ಜಿಲ್ಲೆಗೆ ಮತ್ತೆ ಸುಣ್ಣ ಬಳಿಸಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೊಂದು ಕಿಟ್ಟದ ಗುಪ್ಪೆಯಾಯಿತು. ಲಾಹೌಲ್ ಬಂದಾಗ ಪಠ್ಯದ ಅರ್ಧ ಪುಟವನ್ನು ಓದಿಸಿ ಕೂತುಬಿಡುತ್ತಿದ್ದರು. ಪ್ರತಿ ವರ್ಷ ಕಟ್ಟೆ ತುಂಬುತ್ತಾ ಬಂದಾಗ ಮಾತ್ರ ಪೇಪರಿನಲ್ಲಿ ನೀರಿನ ಮಟ್ಟ ನೋಡುವರು. ಗೇಟು ತೆಗೆಯುವ ದಿನ ರಜೆ ಹಾಕಿ ಬೆಳಗೊಳಕ್ಕೆ ಹೋಗಿ, ಹೊಳೆದಡದಲ್ಲಿ ಆ ತಾಯಿಯ ತೋಳು ಹಿಡಿದು ನಿಲ್ಲುವರು. ಸಂಜೆಗೆ ಮನೆಗೆ ಕರೆತಂದು ಬಿಟ್ಟು ನಾಗಮಂಗಲದ ಬಸ್ಸು ಹತ್ತುವರು. ಬರಬೇಡಿ ಎಂದು ಆಕೆಯೂ ಹೇಳಲಿಲ್ಲ, ಬರುವುದಿಲ್ಲ ಎಂದು ಇವರೂ ಹೇಳಲಿಲ್ಲ. ಕಟ್ಟೆ ತುಂಬದ ವರ್ಷ ಹೋಗುತ್ತಿರಲಿಲ್ಲ.

ತೀರಿಕೊಳ್ಳುವ ಹಿಂದಿನ ವರ್ಷ ಅವರನ್ನು ನೋಡಲು ನಾಗಮಂಗಲಕ್ಕೆ ಹೋಗಿದ್ದೆ. ಕುಲುಮೆ ಆರಿ ಎಷ್ಟೋ ಕಾಲವಾಗಿತ್ತು. ಜಗುಲಿಯ ಮೇಲೆ ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ಹೇಳಿದರು: "ಬೆಳಿಗ್ಗೆ ಹೊರಡಬೇಕಾದಾಗ ಕಾಳು ಬೇಯ್ತಿಲ್ಲ ಅಂತ ಪಾಠ ಮಾಡ್ತಾ ಕೂತೆ. ಆ ತಾಯಿ ಕೇಳಿದ್ದು ಒಂದು ಮಾತು, ಅವಳಿಗೂ ಪಾಠ ಮಾಡಿದೆ. ನನಗೆ ಬೇರೆ ಏನೂ ಬರ್ತಿರಲಿಲ್ಲ ನೋಡು." ಲೋಟ ತೆಗೆದುಕೊಂಡು ಒಳಗೆ ಹೋದರು.

ಅವರ ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟರು.

ಈ ಸಲ ಮಳೆಗಾಲದಲ್ಲಿ ಕಟ್ಟೆ ತುಂಬಿತೆಂದು ಪೇಪರಿನಲ್ಲಿ ಓದಿ ನಾನು ಬೆಳಗೊಳಕ್ಕೆ ಹೋದೆ. ಆ ತಾಯಿ ಆಗಲೇ ದಡದಲ್ಲಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಿದೆ. ಆಕೆ ನನ್ನ ಹಿಂದೆ ದಾರಿಯ ಕಡೆ ನೋಡಿ, "ಮೇಡಮ್ಮೋರು ಬರ್ನಿಲ್ವಾ?" ಎಂದರು. ಹೇಳಬೇಕಾಯಿತು. ಬೂದಿ ಎಲ್ಲಿ ಬಿಟ್ಟರೆಂದು ಕೇಳಿದರು, ಅದನ್ನೂ ಹೇಳಿದೆ.

ಸೈರನ್ ಕೂಗಿತು. ಮೇಲಿನಿಂದ ಕೆಂಪು ನೀರು ಹೊರಳಿಕೊಂಡು ಬರುವುದು ಕಂಡಿತು. ನಾನು ಆಕೆಯ ತೋಳು ಹಿಡಿದುಕೊಂಡೆ.

"ಅಲ್ಲಿ ಬುಟ್ಟಿದ್ದು ಎಲ್ಲಿಗೋಯ್ತದವ್ವ?" ಎಂದರು. "ನಮ್ಮುಡ್ಗ ಓದ ಸಮುದ್ರಕ್ಕೇಯಾ?"

ಕಾವೇರಿ ಮೂಡಲ ಸಮುದ್ರಕ್ಕೆ ಹೋಗುತ್ತದೆ. ಆ ಹುಡುಗ ಹೋದದ್ದು ಪಡುವಲಿಗೆ. ನಡುವೆ ಒಂದು ದೇಶದಷ್ಟು ನೆಲ. ಇದನ್ನು ನನಗೆ ಕಲಿಸಿದವರು ಯಾರೆಂದು ನನಗೆ ಗೊತ್ತು.

"ಗೊತ್ತಿಲ್ಲ ಕಣವ್ವ" ಎಂದೆ.

ಆಕೆ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಅವ್ರು ನಿಂಗೆ ಏಳ್ಕೊಡ್ನಿಲ್ವಾ?"

"ಇಲ್ಲ. ಅದೊಂದು ಪಾಠ ಆಗ್ಲಿಲ್ಲ."

ನೀರು ನಾವು ನಿಂತಿದ್ದ ಮೆಟ್ಟಿಲಿಗೆ ಬಂತು. ನಾನು ತೋಳು ಬಿಡಲಿಲ್ಲ.